ಮೇಷ್ಟ್ರು ಕೊಟ್ಟ ಶಿಫಾರಸು

ಸೋಲೊ ಪಟ್ಟಣ, ಜಾವಾ; ಜನವರಿ 14, ಮಂಗಳವಾರ

ಮೈ ಇನ್ನೂ ಉರಿಯುತ್ತಿದೆ. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಕ್ಕೆ ಸುಪಾರ್ಜೊ ಮೇಷ್ಟ್ರು ನನ್ನ ಶಿಫಾರಸು ಪತ್ರ ಕಳಿಸಿಬಿಟ್ಟಿದ್ದಾರೆ. ಕಳಿಸಿದ ಮೇಲೆ ಮನೆಗೆ ಬಂದು ಹೆಮ್ಮೆಯಿಂದ ಓದಿ ಹೇಳಿದರು: "ನಮ್ಮ ಹುಡುಗಿ ತೀರಾ ಸಾಧಾರಣ, ಏನೂ ತಿಳಿಯದವಳು. ತಾವೇ ತಿದ್ದಿ ತೀಡಬೇಕು."

ಇಡೀ ಕಾಲೇಜಿಗೇ ಮೊದಲು ಬಂದವಳು ನಾನು!

"ಇದೇನ್ ಮೇಷ್ಟ್ರೇ, ಹಿಂಗಾ ಬರೆಯೋದು?" ಎಂದೆ.

"ನಮ್ಮನೆ ಮಗೂನ ನಾವೇ ಹೊಗಳ್ಕೊಂಡ್ರೆ ನೋಡ್ದೋರು ಏನಂತಾರೆ, ಪುಟ್ಟಿ?"

ಅಮ್ಮನೋ, "ಎಂಥಾ ಮರ್ಯಾದಸ್ಥರು!" ಎಂದು ಅವರಿಗೆ ಕರಿದ ಸೋಯಾ ತೆಂಪೆ ಬೇರೆ ಕಟ್ಟಿಕೊಟ್ಟಳು. ನಮ್ಮ ಜಾವಾದವರ ಈ ಮರ್ಯಾದೆಗೆ ಬೆಂಕಿ ಬೀಳ!

ನಾನಾದರೂ ಎದೆಯುಬ್ಬಿಸಿ ಬರೆದಿದ್ದೇನಲ್ಲ ಎಂಬ ಸಮಾಧಾನಕ್ಕೆ, ಅರ್ಜಿಯ ಜೊತೆ ನಿನ್ನೆ ಕಳಿಸಿದ ನನ್ನ ಪ್ರಬಂಧವನ್ನು ಈಗ ತೆರೆದು ನೋಡಿದೆ. ಮೊದಲ ಸಾಲು: "ನನ್ನಂಥವಳ ಬರಹದಿಂದ ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿದ್ದೇನೆ, ಕ್ಷಮೆಯಿರಲಿ."