ಎರಡು ಹೊತ್ತಿನ ಹಾಲಿನ ನಡುವೆ

ಏಪ್ರಿಲ್ 14, ಸೋಮವಾರ

ಐದೂವರೆಗೆ ಎಮ್ಮೆ ಚಂಪಾಳ ಹಾಲು ಹಿಂಡಿದೆ. ಮೂರೂವರೆ ಲೀಟರ್. ಬಿಸಿಲಿಗೆ ಸ್ವಲ್ಪ ಇಳಿದಿದೆ. ಪಕ್ಕದ ಮನೆಯ ಮೆಹರೀನ್‌ಗೆ ಗೋಡೆಯ ಮೇಲಿಂದಲೇ ಒಂದು ಲೀಟರ್ ಕೊಟ್ಟೆ. ಸೊಸೆ ಸರಿತಾ ಏಳುವ ಹೊತ್ತಿಗೆ ಕೊಟ್ಟಿಗೆ ಗುಡಿಸಿ ಆಗಿತ್ತು. ನಾನು ಏನೂ ಅನ್ನಲಿಲ್ಲ. ಅಂದರೆ ನನ್ನ ಬಾಯಿ ದೊಡ್ಡದು ಅನ್ನುತ್ತಾರೆ.

ಸಂಜೆ ಜಗಳ. ಸೂಟಿ ಬಂತಲ್ಲ, ಪ್ರವಾಸದ ಮಾತು. ಮಗ ಸಂಜುಕುಮಾರನಿಗೆ ಪಂಢರಪುರ. ಸರಿತಾಗೆ ಎಲ್ಲಾದರೂ ಆದೀತು— "ಒಲಿ ಮುಂದ ಕುಂದ್ರೋದು ಇರಬಾರದು ನೋಡ್ರಿ, ಅಷ್ಟೇ." ಮೊಮ್ಮಗಳು ಪೂನಂಗೆ ಸಮುದ್ರ. ಹದಿನೇಳು ತುಂಬಿದರೂ ಸಮುದ್ರ ನೋಡಿಲ್ಲವಂತೆ. ನನಗೆ ಅರವತ್ತೆರಡು, ನಾನೂ ನೋಡಿಲ್ಲ. ಏನು ಕಡಿಮೆಯಾಗಿದೆ ನನಗೆ? ಅವಳ ತಮ್ಮ ಜ್ಞಾನೇಶ್ವರ, ಹದಿನಾಲ್ಕು, ಗುಡಿ ಇಲ್ಲದ ಊರು ಯಾವುದಾದರೂ ಸರಿ ಅಂದ.

ಎಲ್ಲರದೂ ಮುಗಿದ ಮೇಲೆ ನಾನು ಹೇಳಿದೆ. ಬಸವಕಲ್ಯಾಣ. ಬಸವ ಜಯಂತಿಯ ದಿನ. ಬೆಳಗಿನ ಹಾಲು ಹಿಂಡಿ ಹುಮನಾಬಾದ್ ಬಿಟ್ಟರೆ ಸಂಜೆಯ ಹಾಲಿಗೆ ವಾಪಸ್. ಪ್ರತಿ ವರ್ಷದ ಹಾಗೆ.

"ಆಯಿ, ಅಲ್ಲಿನ ಕೋಟೆ ಹನ್ನೊಂದು ಸಲ ಹತ್ತೀನಿ," ಅಂದಳು ಪೂನಂ. "ಅಲ್ಲಿ ಪಾರಿವಾಳಕ್ಕೂ ನನ್ನ ಹೆಸರು ಗೊತ್ತದ."

ಸಂಜು ತಲೆ ಎತ್ತದೆ ಅಂದ, "ಅವ್ವ, ಆ ರೋಡಿಗಿ ನಾ ದಿನಾ ನಾಕ್ ಸಲ ಸವಾರಿ ತುಂಬಿ ಕ್ರೂಸರ್ ಗಾಡಿ ಹೊಡೀತೀನಿ. ಸೂಟಿ ದಿನಾನೂ ಅದೇ ರೋಡಾ?"

ಅನ್ನ ಕೊಡುವ ರೋಡು, ಮರ್ಯಾದೆ ಇರಲಿ ಅಂದೆ. ಊಟ ಬಿಟ್ಟು ಎದ್ದು ಹೋದ.

ಏಪ್ರಿಲ್ 16, ಬುಧವಾರ

ಪೂನಂ ಮೊಬೈಲ್ ಹಿಡಿದು ಬಂದಳು. ಗಣಪತಿಪುಳೆ. ಸಮುದ್ರದ ದಂಡೆಗೇ ಗಣಪತಿ ಗುಡಿ. ಹೋಗುವಾಗ ಪಂಢರಪುರ. ಅಪ್ಪನಿಗೆ ವಿಠ್ಠಲ, ಅಮ್ಮನಿಗೆ ಊಟ ಕೊಡುವ ಲಾಡ್ಜು, ಅಕ್ಕ ತಮ್ಮ ಇಬ್ಬರಿಗೆ ಸಮುದ್ರ. ನಾಲ್ಕು ರಾತ್ರಿ.

ಇಡೀ ಮನೆ ಒಂದೇ ಮಾತಿಗೆ ಹೂಂ ಅಂದಿದ್ದು ನಾನು ನೋಡಿದ್ದು ಇದೇ ಮೊದಲು. ಜ್ಞಾನೇಶ್ವರ ಅಕ್ಕನ ಕೈ ಕುಲುಕಿದ.

ನಾನು ಕೇಳಿದೆ, "ಚಂಪಾನ್ನ ಹಿಂಡೋರು ಯಾರು?"

ಪೂನಂ ಮೊಬೈಲ್ ಕೆಳಗಿಟ್ಟಳು.

ಜನವರಿಯಲ್ಲಿ ಕರು ಸತ್ತಿತು. ಅಂದಿನಿಂದ ಚಂಪಾ ನನ್ನನ್ನು ಬಿಟ್ಟು ಯಾರಿಗೂ ಹಾಲು ಇಳಿಸುವುದಿಲ್ಲ. ಎರಡು ಹೊತ್ತು ಹಿಂಡದೆ ಬಿಟ್ಟರೆ ಕೆಚ್ಚಲು ಬಾತು ಎಮ್ಮೆಯೇ ಕೆಡುತ್ತದೆ. ಇದು ಎಲ್ಲರಿಗೂ ಗೊತ್ತು.

"ಇದು ನಮ್ಮ ಸೂಟಿಯೋ, ಎಮ್ಮಿ ಸೂಟಿಯೋ?" ಅಂದ ಜ್ಞಾನೇಶ್ವರ.

"ನೀವು ಹೋಗ್ರಿ. ನಾ ಇರ್ತೀನಿ," ಅಂದೆ.

"ಅವ್ವನ್ನ ಒಬ್ಬಾಕಿನ್ನ ಬಿಟ್ಟು ನಾ ಹೋಗಂಗಿಲ್ಲ," ಅಂದ ಸಂಜು. ಹಾಗೆ ಅನ್ನುತ್ತಾನೆ ಅಂತ ಗೊತ್ತಿದ್ದೇ ಹೇಳಿದ್ದೆ.

ಏಪ್ರಿಲ್ 20, ಭಾನುವಾರ

ಪೂನಂ ಬೆಳಿಗ್ಗೆ ನನಗಿಂತ ಮೊದಲು ಕೊಟ್ಟಿಗೆಯಲ್ಲಿ. ಚೂಡಿದಾರದ ತೋಳು ಮಡಚಿಕೊಂಡು ಕೂತಿದ್ದಾಳೆ. ಕಲಿಯುತ್ತಾಳಂತೆ. ಕಲಿ ಅಂದೆ. ಚಂಪಾಗೆ ತಿನ್ನಲು ಹಿಂಡಿ ಇಟ್ಟಳು, ಬೆನ್ನು ಸವರಿದಳು, ಮೊಲೆಗೆ ಎಣ್ಣೆ ಸವರಿದಳು. ಕಾಲು ಗಂಟೆ. ಒಂದು ಹನಿ ಇಲ್ಲ. ಕೊನೆಗೆ ಚಂಪಾ ಕಾಲು ಝಾಡಿಸಿತು, ಚರಿಗೆ ಗೋಡೆಗೆ ಹೋಗಿ ಬಡಿಯಿತು.

ನಕ್ಕೆ. ನಗಬಾರದಿತ್ತು ಅನ್ನಿಸಲಿಲ್ಲ.

ನಾನು ಕೂತೆ. "ಸೊಕ್ಕು ಇಳಸ್ತೀನಿ, ನಿಂದ್ರ" ಅಂತ ದಿನದ ಹಾಗೆ ಗದರಿಸಿದೆ. ನೊರೆ ಬಂತು. ಪೂನಂ ಎದ್ದು ಹೋಗಲಿಲ್ಲ, ನೋಡುತ್ತಾ ನಿಂತಳು. ನನ್ನ ಕೈಯನ್ನಲ್ಲ, ಮೈಯನ್ನು. ಅದು ನನಗೆ ಸೇರಲಿಲ್ಲ.

ಇಲ್ಲಿ ಸುಳ್ಳು ಬರೆಯುವುದಿಲ್ಲ. ಚಂಪಾ ನನ್ನ ಕೈಗೆ ಹಾಲು ಬಿಡುವುದಲ್ಲ. ಈ ಹಳೆಯ ಹಸಿರು ಸೀರೆಗೆ. ಅದರ ವಾಸನೆಗೆ. ಹಿಂಡುವಾಗ ಇದೊಂದನ್ನೇ ಉಡುತ್ತೇನೆ, ಸೋಪು ಮುಟ್ಟಿಸುವುದಿಲ್ಲ, ಬರೀ ನೀರಿನಲ್ಲಿ ಜಾಲಿಸಿ ಹಾಕುತ್ತೇನೆ. ಫೆಬ್ರವರಿಯಲ್ಲಿ ಮದುವೆಗೆ ಉಟ್ಟ ಸೀರೆಯಲ್ಲೇ ಅವಸರಕ್ಕೆ ಕೂತಾಗ ನನಗೂ ಕಾಲು ಎತ್ತಿತ್ತು. ಮನೆಯವರಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಏಪ್ರಿಲ್ 24, ಗುರುವಾರ

ತವರು ಮುಡಬಿಗೆ ಹೋಗಿದ್ದೆ. ತಮ್ಮ ದಿಗಂಬರನ ಮಗಳ ನಿಶ್ಚಯ. ಮೂರರ ಬಸ್ಸು ಐದಕ್ಕೆ ಬಂತು. ದಾರಿಯುದ್ದಕ್ಕೂ ಚಂಪಾಳ ಕೆಚ್ಚಲಿನದೇ ಚಿಂತೆ. ಸ್ಟ್ಯಾಂಡಿನಿಂದ ಆಟೋ ಹಿಡಿದು ಬಂದರೆ— ಒಲೆಯ ಮೇಲೆ ಹಾಲು ಕಾಯುತ್ತಿದೆ.

ಕೊಟ್ಟಿಗೆಯ ಬಾಗಿಲಲ್ಲಿ ಮೆಹರೀನ್. ನನ್ನ ಹಸಿರು ಸೀರೆ ಸುತ್ತಿಕೊಂಡು ನಿಂತಿದ್ದಾಳೆ.

"ಬಾಳಮ್ಮಕ್ಕಾ, ನಿಮ್ಮ ಸೀರಿ ಉಟ್ಟು ಕುಂತೆ. ಆದ್ರೂ ಅನುಮಾನ ಮಾಡ್ತು. ಆಮ್ಯಾಲ ನಿಮ್ಮಂಗೇ ಬೈದೆ— ಸೊಕ್ಕು ಇಳಸ್ತೀನಿ, ನಿಂದ್ರ! ಪಟ್ಟಂತ ಬಿಡ್ತು ನೋಡ್ರಿ."

ನನ್ನ ದನಿಯಲ್ಲೇ ಹೇಳಿ ತೋರಿಸಿದಳು. ಸರಿತಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಹತ್ತೊಂಬತ್ತು ವರ್ಷದಲ್ಲಿ ನನ್ನ ಮುಂದೆ ಹಾಗೆ ನಕ್ಕವಳಲ್ಲ.

"ಆಯಿ, ನೀ ಬ್ಯಾರೆ ಸೀರಿ ಉಟ್ಟು ಹಿಂಡಿದ್ದು ನಾ ಒಮ್ಮಿನೂ ನೋಡಿಲ್ಲ. ಅದಕ್ಕ ಡೌಟ್ ಬಂತು," ಅಂದಳು ಪೂನಂ. ಎಷ್ಟು ಖುಷಿ ಆ ಮುಖದಲ್ಲಿ. "ಈಗ ನೀನೂ ಬರಬಹುದು. ರೂಮ್ ಬುಕ್ ಮಾಡೇವಿ. ಮೂವತ್ತಕ್ಕ ಬಿಡೋದು, ಐದೂ ಮಂದಿ."

ಐದೂ ಮಂದಿ. ನನ್ನನ್ನು ಕೇಳಿದವರು ಯಾರು? ನಾನು ಮುಡಬಿಯಿಂದ ಬಸವಕಲ್ಯಾಣಕ್ಕೆ ಹೋಗಿ ಹತ್ತನೇ ಪಾಸಾದವಳು. ಗಂಡ ಹೋದ ಮೇಲೆ ಎಮ್ಮೆಗಳ ಹಾಲಿನ ಮೇಲೆಯೇ ಈ ಮನೆ ನಡೆಸಿದವಳು. ಒಂದು ಹಳೆಯ ಸೀರೆ ಉಟ್ಟವರೆಲ್ಲ ಬಾಳಮ್ಮ ಆಗಿಬಿಡುತ್ತಾರೇನು?

ಊಟ ಮಾಡಲಿಲ್ಲ.

ಏಪ್ರಿಲ್ 25, ಶುಕ್ರವಾರ

ಮನೆಯಲ್ಲಿ ಯಾರೂ ಇಲ್ಲದ ಹೊತ್ತು. ಸೀರೆಯ ಸೆರಗಿನಿಂದ ಒಂದು ಗೇಣು ಹರಿದು ತೆಗೆದಿಟ್ಟುಕೊಂಡೆ. ಉಳಿದದ್ದನ್ನು ಕುದಿಯುವ ನೀರಿಗೆ ಹಾಕಿದೆ. ಸೋಪಿನ ಪುಡಿ, ಎರಡು ಮುಚ್ಚಳ ಫಿನಾಯಿಲ್. ಮಾಳಿಗೆಯ ಬಿಸಿಲಿಗೆ ಒಣಹಾಕಿದೆ.

ಸಂಜೆ ಹರಿದ ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೆ. ಚಂಪಾ ಮೂಸಿತು. ಹಾಲು ಬಿಟ್ಟಿತು. ಪೂರಾ.

ಏಪ್ರಿಲ್ 26, ಶನಿವಾರ

ಹೋಗುವ ಮೊದಲು ಮತ್ತೊಮ್ಮೆ ನೋಡಿಬಿಡೋಣ ಅಂತ ಪೂನಂ ಮೆಹರೀನ್‌ಳನ್ನು ಕರೆತಂದಳು. ನಾನೇ ಸೀರೆ ತಂದುಕೊಟ್ಟೆ. ಮಡಿಕೆ ಹಾಕಿ.

ಕೂತಳು. ಗದರಿಸಿದಳು. ಚಂಪಾ ಮೂಗು ಚಾಚಿತು, ಮೂಸಿತು, ಹಿಂದೆ ಸರಿಯಿತು. ಮತ್ತೆ ಕೈ ಹಾಕಿದ್ದೇ ತಡ, ಒದೆಯಿತು. ಮೆಹರೀನ್‌ಳ ಮೊಣಕಾಲಿಗೇ. ಅಮ್ಮಾ ಅಂತ ಕೂತಲ್ಲೇ ಉರುಳಿದಳು. ಚರಿಗೆ ನೆಗ್ಗಿತು.

ಇಷ್ಟು ಆಗುತ್ತದೆ ಅಂದುಕೊಂಡಿರಲಿಲ್ಲ. ಬರೀ ಹಾಲು ಬಿಡುವುದಿಲ್ಲ ಅಂದುಕೊಂಡಿದ್ದೆ.

"ಮೊನ್ನಿ ಬಿಟ್ಟಿತ್ತಲ್ಲ! ಆಯಿ, ಇವತ್ತ್ಯಾಕ ಹೀಂಗ ಮಾಡ್ತು?" ಅಂದಳು ಪೂನಂ.

"ಎಮ್ಮಿಗಿ ಕೇಳು," ಅಂದೆ.

ತುಂಡನ್ನು ಸೊಂಟದಲ್ಲಿ ಮರೆಮಾಡಿಕೊಂಡು ಎಲ್ಲರ ಮುಂದೆ ನಾನು ಕೂತು ಹಿಂಡಿದೆ. ಚರಿಗೆ ತುಂಬಿತು. ಯಾರೂ ನೋಡುತ್ತಿರಲಿಲ್ಲ. ಸರಿತಾ ಮೆಹರೀನ್‌ಳ ಕಾಲಿಗೆ ಅರಿಶಿನ ಕಟ್ಟುತ್ತಿದ್ದಳು. ಸಂಜು ಹೊರಗೆ ನಿಂತು ರೂಮಿನವನಿಗೆ ಫೋನ್ ಮಾಡಿ ಬೇಡ ಅಂದ.

ಏಪ್ರಿಲ್ 30, ಬುಧವಾರ

ಬಸವಕಲ್ಯಾಣಕ್ಕೆ ಹೋಗಿ ಬಂದೆವು. ನಾನು ಹೇಳಿದ ಹಾಗೆ. ನಾನು ಹೇಳಿದ ಹೊತ್ತಿಗೆ.

ಅನುಭವ ಮಂಟಪದಲ್ಲಿ ಜನವೋ ಜನ. ನನ್ನ ಮನೆಯವರು ಹಿಂದೆ ಹಿಂದೆ ಬಂದರು, ನಿಂತಲ್ಲಿ ನಿಂತರು, ನಡಿ ಅಂದರೆ ನಡೆದರು. ಯಾರೂ ಇಲ್ಲ ಅನ್ನಲಿಲ್ಲ. ಪೂನಂ ಒಂದೂ ಫೋಟೋ ತೆಗೆಯಲಿಲ್ಲ. ಕೋಟೆಯ ಹತ್ತಿರ ಗಾಡಿಯಿಂದ ಇಳಿಯಲೇ ಇಲ್ಲ. "ಪಾರಿವಾಳಕ್ಕ ನಮಸ್ಕಾರ ಹೇಳ್ರಿ," ಅಂದಳು. ಯಾರೂ ನಗಲಿಲ್ಲ.

ಬುತ್ತಿ ಬಿಚ್ಚಿದೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಮೊಸರು. ಸರಿತಾ ಎಲ್ಲರಿಗೂ ಬಡಿಸಿ ತಾನು ಮುಟ್ಟಲಿಲ್ಲ. ನಾನು ಓದಿದ ಹೈಸ್ಕೂಲಿನ ಮುಂದೆ ಹೋಗುವಾಗ, ಇಲ್ಲೇ ನಾನು ಹತ್ತನೇ ಬರೆದಿದ್ದು ಅಂದೆ. ಜ್ಞಾನೇಶ್ವರ ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡಿದ್ದ.

ಮೂರು ಗಂಟೆಗೆ ಸಂಜು ಬಂದು ಮುಂದೆ ನಿಂತ. "ನಡಿ ಅವ್ವ. ಹಾಲಿನ ಹೊತ್ತಾತು." ಸವಾರಿಯವರಿಗೆ ಹೇಳುವ ದನಿ.

ಮೇ 1, ಗುರುವಾರ

ಮೆಹರೀನ್ ಕುಂಟುತ್ತಾ ಹಾಲಿಗೆ ಬಂದಳು. ಗೋಡೆಯ ಹತ್ತಿರ ಅಲ್ಲ, ಬಾಗಿಲಿಗೆ. ಸೀರೆ ವಾಪಸ್ ಕೊಟ್ಟಳು.

"ನಾನೂ ಎಮ್ಮಿ ಕಟ್ಟಿದಾಕಿ ಇದ್ದೀನಿ, ಬಾಳಮ್ಮಕ್ಕಾ. ಫಿನಾಯಿಲ್ ವಾಸನಿ ನನಗೂ ಬರ್ತದ. ಸೆರಗು ಹರದದ್ದೂ ಕಾಣ್ತದ."

ಸೀರೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಾಲು ಅಳೆದೆ.

"ಪೂನಂ ಕೇಳಿದ್ಳು, ಹ್ಯಾಂಗಾತು ಚಾಚಿ ಅಂತ. ನಾ ತಪ್ಪು ಬಾಜೂಕ್ಕ ಕುಂತೆ, ನಂದೇ ತಪ್ಪು ಅಂದೀನಿ. ನಿಮ್ಮ ಸಲುವಾಗಿ ಅಲ್ಲ. ತಮ್ಮ ಆಯಿ ಹೀಂಗ ಅಂತ ಆ ಹುಡುಗಿಗಿ ಗೊತ್ತಾಗೋದು ಬ್ಯಾಡ ಅಂತ."

ಹಾಲು ತೆಗೆದುಕೊಂಡು ಹೋದಳು. ತನ್ನ ಮನೆಯ ಮೆಟ್ಟಿಲು ಒಂದೊಂದಾಗಿ ಹತ್ತಿದಳು. ನಾಲ್ಕು ಮೆಟ್ಟಿಲು. ಅಷ್ಟೂ ನೋಡಿದೆ.



ಮೇ 5, ಸೋಮವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಪೂನಂ ಆಯಿ ಅನ್ನುವುದನ್ನೇ ಬಿಟ್ಟಿದ್ದಾಳೆ. "ಊಟಕ್ಕ ಕರೀರಿ ಅವರಿಗಿ" ಅನ್ನುತ್ತಾಳೆ.

ರಾತ್ರಿ ಊಟಕ್ಕೆ ಕೂತಾಗ ಸಂಜುಗೆ ಹೇಳಿದೆ, "ಆ ರೂಮ್ ಮತ್ತ ಕೇಳು. ಐದು ಮಂದಿಗಿ."

"ಎಮ್ಮಿ?"

"ಮೆಹರೀನ್ ನೋಡ್ತಾಳ. ನಾ ಹೋಗಿ ಕೇಳಿ ಬಂದೀನಿ."

"ಮತ್ತ ಒದ್ದರ?"

"ಒದಿಯಂಗಿಲ್ಲ."

ನನ್ನ ಮುಖ ನೋಡಿದ. ಫೋನ್ ಕೈಗೆತ್ತಿಕೊಂಡ. ಪೂನಂ ತಟ್ಟೆಯಿಂದ ತಲೆ ಎತ್ತಲಿಲ್ಲ.

ಕೈ ತೊಳೆಯುವಾಗ ಸರಿತಾ ಬಳಿ ಬಂದು ಮೆಲ್ಲಗೆ ಅಂದಳು, "ಸೆರಗು ಹ್ಯಾಂಗ ಹರೀತು ಅಂತ ನಾ ಕೇಳಂಗಿಲ್ರಿ, ಅತ್ತಿ. ಕೇಳೋದಿದ್ರ ಹತ್ತೊಂಬತ್ತು ವರ್ಷದ್ದು ಕೇಳಬೇಕಾಗ್ತದ."

ನೀರು ಆಫ್ ಮಾಡಿ ಬಂದೆ.

ಮೇ 8, ಗುರುವಾರ. ಬೆಳಿಗ್ಗೆ 5.40, ಗಾಡಿಯಲ್ಲಿ

ಹೊಸ ಸೀರೆ ಉಟ್ಟಿದ್ದೇನೆ. ಕೊಟ್ಟಿಗೆಗೆ ಹೋಗಲಿಲ್ಲ. ಗೋಡೆಯ ಮೇಲಿಂದ ಆ ಗೇಣುದ್ದದ ತುಂಡನ್ನು ಮೆಹರೀನ್‌ಗೆ ಕೊಟ್ಟೆ. ಸೊಂಟಕ್ಕೆ ಸಿಕ್ಕಿಸಿಕೋ, ಅದಕ್ಕೆ ವಾಸನೆ ಸಿಗುವ ಹಾಗೆ ಇರಲಿ ಅಂದೆ. ತಪ್ಪಾಯಿತು ಅನ್ನಲು ಬಾಯಿ ತೆರೆದೆ. "ಕಾಲಿಗಿ ಎಣ್ಣಿ ಹಚ್ಚಿಕೋ" ಅಂತ ಬಂತು. ಅವಳು ತುಂಡು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ನಡೆದಳು.

ಸಂಜುಗೆ ಹೇಳಿದ್ದೇನೆ— ಚರಿಗೆಗೆ ಹಾಲು ಬೀಳುವ ಸದ್ದು ಕೇಳುವವರೆಗೆ ಗಾಡಿ ಚಾಲೂ ಮಾಡಬೇಡ. ಬೀಳದಿದ್ದರೆ ನಾನು ಇಳಿಯುತ್ತೇನೆ, ನೀವು ಹೋಗಿ. ಈ ಸಲ ಇಲ್ಲ ಅನ್ನಲಿಲ್ಲ ಅವನು.

ಐದು ನಿಮಿಷವಾಯಿತು. ಸರಿತಾ ಕಣ್ಣು ಮುಚ್ಚಿದ್ದಾಳೆ. ಜ್ಞಾನೇಶ್ವರ ಕಿವಿಯ ವೈರು ತೆಗೆದಿಟ್ಟು ಕೂತಿದ್ದಾನೆ. ಎಲ್ಲರೂ ಬೀಳಲಿ ಅಂತ ಕಾಯುತ್ತಿದ್ದಾರೆ.

ನಾನು ಬೀಳದಿರಲಿ ಅಂತ. ಇದನ್ನೂ ಬರೆದಿಡುತ್ತೇನೆ.

ಕೊಟ್ಟಿಗೆಯ ಗೋಡೆಯಾಚೆ ನನ್ನ ದನಿ. ಮೆಹರೀನ್. ಸೊಕ್ಕು ಇಳಸ್ತೀನಿ, ನಿಂದ್ರ.

ಇಲ್ಲ. ಇನ್ನೂ ಇಲ್ಲ.

ಬಿತ್ತು. ಒಂದು ಧಾರೆ. ಇನ್ನೊಂದು. ನೆಗ್ಗಿದ ಚರಿಗೆ, ಸದ್ದು ಬೇರೆ, ಆದರೆ ಹಾಲೇ. ಸಂಜು ಚಾವಿ ತಿರುಗಿಸಿದ. ಪೂನಂ ಹೊರಗೆ ನೋಡುತ್ತಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಮುಖ ಕಾಣದಿರಲಿ ಅಂತ ತಲೆ ಬಗ್ಗಿಸಿ ಇದನ್ನು ಬರೆಯುತ್ತಾ ಇದ್ದೇನೆ. "ಆಯಿ," ಅಂದಳು. ಅವಳ ಕೈ ನನ್ನ ಕೈಮೇಲೆ—