ಸೊಂಡಿಲ ಹುಳಗಳ ಕ್ಷೇಮ ಸಮಾಚಾರ

ಮಹಡಿ ಮನೆ, ಕೆರೆ ಬೀದಿ
ಸೋಮವಾರ, ೧೪ನೇ ತಾರೀಖು, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ಮಗಳೇ,

ನೆಗಡಿ ಹೇಗಿದೆ? ಹೋದ ಪತ್ರದಲ್ಲಿ ನೀನು ಅದರ ಬಗ್ಗೆ ಒಂದೇ ಸಾಲು ಬರೆದಿದ್ದೆ. ನಿನ್ನ ಅತ್ತೆ ಆ ಒಂದು ಸಾಲನ್ನು ಹಿಡಿದುಕೊಂಡು ಅಲ್ಲಿನ ನೀರು, ಅಲ್ಲಿನ ಗಾಳಿ, ನಿನ್ನ ಹಾಸ್ಟೆಲ್ಲಿನ ಕಿಟಕಿ, ಎಲ್ಲವನ್ನೂ ಒಂದು ಸುತ್ತು ಬೈದಳು. ತಲೆ ಒರೆಸಿಕೊಳ್ಳದೆ ಹೊರಗೆ ಹೋಗಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು, ಓದುವಾಗ ಕನ್ನಡಕ ಹಾಕಿಕೋ. ಇದಿಷ್ಟೂ ಅವಳ ಮಾತು, ನಾನು ಬರೆಯುವವನು ಮಾತ್ರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅವಳ ಮಂಡಿನೋವು ಈಗ ಮೆಟ್ಟಿಲು ಇಳಿಯುವಾಗ ಮಾತ್ರ; ಕೆಳಗೆ ಯಾರಾದರೂ ಹೊಸ ಸುದ್ದಿ ತಂದು ನಿಂತಿದ್ದರೆ ಅದೂ ಇಲ್ಲ. ನಿನ್ನ ಗಂಡ ಎಂದಿನಂತೆ ಬೇಕರಿಯಿಂದ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬರುತ್ತಾನೆ. ನೀನಿಲ್ಲದೆ ಸೊರಗಿ ಹೋಗಿದ್ದಾನೆ ಎಂದು ಬರೆದರೆ ನಿನಗೆ ಖುಷಿಯಾಗಬಹುದು, ಆದರೆ ಸುಳ್ಳು ಬರೆಯಲಾರೆ. ಸ್ವಲ್ಪ ದಪ್ಪಗಾಗಿದ್ದಾನೆ.

ಇನ್ನು ಸುದ್ದಿ. ನಿನ್ನೆ ಕೆರೆಯಲ್ಲಿ ದೋಣಿ ಹೋಯಿತು. ಈ ದಡದಿಂದ ಆ ದಡಕ್ಕೆ, ಎಲ್ಲೂ ಸಿಕ್ಕಿಹಾಕಿಕೊಳ್ಳದೆ, ತುಂಬಿದ ದೋಣಿ. ಬರೆದ ಮೇಲೆ ನಾನೇ ಇನ್ನೊಂದು ಸಲ ಓದಿಕೊಂಡೆ, ಅಷ್ಟು ಹಿತವಾಗಿದೆ ಈ ಸಾಲು. ನಿನ್ನೆಯೇ ಫೋನ್ ಮಾಡಿ ಹೇಳಿಬಿಡುತ್ತಿದ್ದೆ. ನಿನ್ನ ಅತ್ತೆ ಬಿಡಲಿಲ್ಲ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದಂತೆ. ಮೊದಲಿನಿಂದ ಕೊನೆಯವರೆಗೆ ಬರೆಯಬೇಕಂತೆ, ನೀನು ಅದನ್ನು ಎತ್ತಿಟ್ಟುಕೊಂಡು ನಾಳೆ ನಿನ್ನ ಮಕ್ಕಳಿಗೆ ಓದಿ ಹೇಳಬೇಕಂತೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಆ ಕಳೆ ಕೆರೆಗೆ ಬಂದಾಗ ನೀನಿನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಮೊದಲು ಕಂಡದ್ದು ಸೋಪಾನದ ಹತ್ತಿರ ತೇಲುತ್ತಿದ್ದ ನಾಲ್ಕಾರು ಗಿಡ. ದಪ್ಪ ಹಸಿರು ಎಲೆ, ಉಬ್ಬಿದ ದಂಟು, ತಿಳಿ ನೇರಳೆ ಹೂವು. ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಎಷ್ಟು ಚಂದ ಎಂದು ಬೀದಿಯವರೆಲ್ಲ ನಿಂತು ನೋಡಿದೆವು. ಫೋಟೋ ಸ್ಟುಡಿಯೋದವನು ಹೊಸದಾಗಿ ಮದುವೆಯಾದವರನ್ನೆಲ್ಲ ಅದರ ಮುಂದೆ ನಿಲ್ಲಿಸಿದ. ಅಷ್ಟರಲ್ಲಿ ಅದು ಪಕ್ಕಕ್ಕೊಂದು ಬಳ್ಳಿ ಚಾಚಿ ಮರಿ ಹಾಕಿತು, ಆ ಮರಿ ಇನ್ನೊಂದು ಮರಿ ಹಾಕಿತು. ಒಂದು ಮಳೆಗಾಲ ಕಳೆಯುವುದರೊಳಗೆ ಸೋಪಾನದ ಬಳಿ ನೀರು ಮುಟ್ಟಬೇಕಾದರೆ ಕೈಯಲ್ಲಿ ಗಿಡ ಸರಿಸಬೇಕಾಯಿತು. ಮರುವರ್ಷ ಸರಿಸಲು ಜಾಗವೇ ಇರಲಿಲ್ಲ. ಬಂದ ನೆಂಟ ಹಾಸಿಗೆ ಹಾಸಿಕೊಂಡು ಮಲಗಿಬಿಟ್ಟ ಎಂದು ನಿನ್ನ ಅತ್ತೆ ಅಂದದ್ದೇ ಅಂದದ್ದು, ಬೀದಿಯಲ್ಲಿ ಆ ಕಳೆಗೆ ನೆಂಟ ಎಂದೇ ಹೆಸರಾಯಿತು. ನೆಂಟನ ಕೆಳಗೆ ಬಿಸಿಲು ಇಳಿಯಲಿಲ್ಲ. ನೀರೊಳಗಿನ ಪಾಚಿ, ಜೊಂಡು, ನೈದಿಲೆ ಎಲ್ಲ ಸತ್ತವು. ಮೀನುಗಳು ಉಸಿರಿಗಾಗಿ ಸಂದಿ ಸಂದಿಯಲ್ಲಿ ಬಾಯಿ ತೆರೆದು, ಒಂದು ಸೆಕೆಯ ದಿನ ಸಾಲಾಗಿ ದಡಕ್ಕೆ ಬಿದ್ದವು. ಹಕ್ಕಿಗಳು ಬೇರೆ ನೀರು ಹುಡುಕಿಕೊಂಡು ಹೋದವು, ಸೊಳ್ಳೆಗಳು ಬಂದವು. ಅಂಬಿಗ ದೋಣಿಯನ್ನು ಮರದ ಕೆಳಗೆ ಕವುಚಿ ಹಾಕಿ ಅದರ ಮೇಲೆ ಬಟ್ಟೆ ಒಣಗಿಸತೊಡಗಿದ. ಆ ದಡದಲ್ಲಿರುವ ನಿನ್ನ ದೊಡ್ಡತ್ತೆಯನ್ನು ನೋಡಬೇಕಾದರೆ ಎರಡು ಬಸ್ಸು ಬದಲಾಯಿಸಿ ಸುತ್ತಿ ಹೋಗಬೇಕು. ಅಕ್ಕತಂಗಿಯರು ವರ್ಷಕ್ಕೊಮ್ಮೆ ಭೇಟಿಯಾದರೆ ಹೆಚ್ಚು.

ಯಂತ್ರ ತಂದು ಕಿತ್ತರು, ನೆನಪಿದೆಯಲ್ಲ? ಕಿತ್ತದ್ದನ್ನು ದಡದ ಮೇಲೆ ಗುಡ್ಡೆ ಹಾಕಿದರು. ಒಂದು ಮಳೆಗೆ ಗುಡ್ಡೆ ಜಾರಿ ಮತ್ತೆ ಕೆರೆಗೇ ಇಳಿಯಿತು. ಆಗಲೇ ನೀನು ಕೆರೆ ಕಚೇರಿಗೆ ಕೆಲಸಕ್ಕೆ ಸೇರಿದ್ದು, ನಮ್ಮ ಮನೆಗೂ ಸೊಸೆಯಾಗಿ ಬಂದದ್ದು. ನೀನು ಶಾಲೆಯ ಸಭಾಂಗಣದಲ್ಲಿ ನಿಂತು, ಬರೀ ಕಿತ್ತರೆ ಸಾಲದು, ಈ ಗಿಡದ ತವರಿನಲ್ಲಿ ಇದನ್ನು ಹದ್ದುಬಸ್ತಿನಲ್ಲಿಡುವ ಸೊಂಡಿಲ ಹುಳ ಇದೆ, ಅದನ್ನು ಬಿಡೋಣ ಎಂದಾಗ ಜನ ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸೊಪ್ಪಿನಕ್ಕ ಎದ್ದು ನಿಂತಳು. ಅವಳ ಸೊಪ್ಪಿನ ಮಡಿಗಳು ಕೆರೆಯ ದಂಡೆಗೇ ಇವೆ, ಅವಳ ಭಯವೂ ಸುಳ್ಳಲ್ಲ. “ಒಂದು ಪೀಡೆ ಓಡ್ಸೋಕೆ ಇನ್ನೊಂದು ಪೀಡೆ ತರ್ತೀಯಲ್ಲಮ್ಮ. ಕಳೆ ಮುಗಿದ ಮೇಲೆ ನಿನ್ನ ಹುಳ ನನ್ನ ಸೊಪ್ಪಿಗೆ ಬರಲ್ಲ ಅಂತ ಯಾರು ಹೇಳ್ಬೇಕು?” ಎಂದಳು. “ಅವಕ್ಕೆ ಬೇರೆ ಊಟ ಗೊತ್ತಿಲ್ಲಕ್ಕ. ಕಳೆ ಮುಗಿದರೆ ಅವೂ ಮುಗೀತವೆ” ಎಂದೆ ನೀನು. ಯಾರೂ ಒಪ್ಪಲಿಲ್ಲ. ಕಚೇರಿಯವರು ಕೆರೆಯ ಒಂದು ಮೂಲೆಯಲ್ಲಿ ಒಂದಿಷ್ಟು ಬಿಡಲು ಒಪ್ಪಿದ್ದೇ ಹೆಚ್ಚು. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ನೆಂಟ ಇನ್ನಷ್ಟು ಹೂ ಬಿಟ್ಟ. ಅಷ್ಟರಲ್ಲಿ ನಿನಗೆ ದೂರದ ಊರಿನಲ್ಲಿ ಓದಲು ಸೀಟು ಸಿಕ್ಕಿತು. ಹೊರಡುವ ದಿನ ನೀನು ಬಸ್ಸಿನ ಕಿಟಕಿಯಿಂದ ಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ನೀನು ತಿರುಗದೇ ಇದ್ದದ್ದನ್ನು ನಾನು ಗಮನಿಸಿದೆ.

ಕಳೆ ತುಂಬಿ ಹುಳ ಸಾಕಲೆಂದು ನೀನು ಬಿಟ್ಟು ಹೋದ ತೊಟ್ಟಿಗಳು ತಾರಸಿಯ ಮೇಲೆ ಇದ್ದವಲ್ಲ, ನನ್ನ ಮುಪ್ಪಿನ ಉದ್ಯೋಗ ಅವೇ ಆದವು. ನನ್ನ ಗಡಿಯಾರ ರಿಪೇರಿ ಅಂಗಡಿಗೆ ಈಗ ಬರುವವರೇ ಕಡಿಮೆ. ಮಧ್ಯಾಹ್ನ ಬಾಗಿಲು ಹಾಕಿ, ಕಣ್ಣಿಗೆ ಸಿಕ್ಕಿಸುವ ಗಾಜನ್ನು ಜೇಬಿಗೆ ಹಾಕಿಕೊಂಡು ಮೇಲೆ ಬಂದರೆ ಸಂಜೆಯವರೆಗೆ ನನಗೆ ಲೋಕ ಬೇಡ. ಆ ಹುಳ ಅಕ್ಕಿಕಾಳಿಗಿಂತ ದೊಡ್ಡದಿಲ್ಲ, ಬಣ್ಣ ಮಣ್ಣಿನದು, ಆದರೆ ಗಾಜಿನಲ್ಲಿ ನೋಡಿದರೆ ಮರಿಯಾನೆಯ ಗತ್ತು. ಎಲೆಯ ಮೇಲೆ ಉಗುರಿನಿಂದ ಚಿವುಟಿದ ಹಾಗೆ ಚಿಕ್ಕ ಚಿಕ್ಕ ಚೌಕ ಮಾಡಿ ತಿನ್ನುತ್ತದೆ. ಅದರ ಮರಿ ಇನ್ನೂ ಚಾಲಾಕಿ, ದಂಟಿನೊಳಗೇ ಸುರಂಗ ಕೊರೆಯುತ್ತದೆ. ನಿನ್ನ ಅತ್ತೆ ಮೊದಮೊದಲು ತಾರಸಿಗೆ ಬಟ್ಟೆ ಹಾಕಲು ಬಂದಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವಳು, ಆಮೇಲೆ ನಿಮ್ಮ ಮಕ್ಕಳು ಊಟ ಮಾಡಿದವಾ ಎಂದು ಕೇಳತೊಡಗಿದಳು.

ಒಂದು ದಿನ ಸೊಪ್ಪಿನಕ್ಕ ಗಡಿಯಾರ ರಿಪೇರಿಗೆ ತಂದಳು. ಅದು ನೆಪ, ಗಡಿಯಾರ ಚೆನ್ನಾಗಿಯೇ ಓಡುತ್ತಿತ್ತು; ತಾರಸಿಯ ಹುಳದ ಬಗ್ಗೆ ಜಗಳ ಮಾಡಲು ಬಂದಿದ್ದಳು. ನನಗೆ ವಾದ ಮಾಡಲು ಬರುವುದಿಲ್ಲ, ಅದು ನಿನಗೆ ಗೊತ್ತು. ಮೇಲೆ ಬಾರಮ್ಮ, ನೀನೇ ಪರೀಕ್ಷೆ ಮಾಡು ಎಂದೆ. ಅವಳು ಸುಮ್ಮನೆ ಬಿಡುವವಳೇ? ಮಾರನೆಯ ದಿನ ಕುಂಡಗಳಲ್ಲಿ ತನ್ನದೇ ಹರಿವೆ, ಪಾಲಕ್, ಬದನೆ ಸಸಿ ತಂದು ತೊಟ್ಟಿಗೆ ಒತ್ತಿ ನಿಲ್ಲಿಸಿದಳು. ಹುಳ ಆಚೀಚೆ ನಡೆದಾಡಲಿ ಎಂದು ಎಲೆಗೆ ಎಲೆ ತಾಗಿಸಿದಳು. ಎಲ್ಲದರ ಮೇಲೆ ತಾನೇ ಸೊಳ್ಳೆಪರದೆ ಕಟ್ಟಿದಳು. ನನ್ನ ಮೇಲೆ ನಂಬಿಕೆ ಇರಲಿಲ್ಲವೋ ಏನೋ, ಪರದೆಗೆ ಹಾಕಿದ ಗಂಟು ಹಾಗೇ ಇದೆಯೇ ಎಂದು ದಿನಾ ಬಂದು ನೋಡುತ್ತಿದ್ದಳು. ಬಂದವಳಿಗೆ ನಿನ್ನ ಅತ್ತೆ ಕಾಫಿ ಕೊಡುತ್ತಿದ್ದಳು. ಹಾಗೆ ಶುರುವಾದ ಸ್ನೇಹ ಈಗ ಇಬ್ಬರೂ ಸೇರಿ ನನ್ನನ್ನು ಗೇಲಿ ಮಾಡುವ ಮಟ್ಟಕ್ಕೆ ಬೆಳೆದಿದೆ.

ತೊಟ್ಟಿಯ ಕಳೆ ಮೊದಲು ಚುಕ್ಕೆ ಚುಕ್ಕೆಯಾಯಿತು, ಆಮೇಲೆ ಕಂದುಬಣ್ಣಕ್ಕೆ ತಿರುಗಿತು, ದಂಟು ಕೊಳೆತು ಒಂದೊಂದಾಗಿ ಮುಳುಗಿತು. ಹುಳಗಳು ಹರಿವೆಯ ಮೇಲೆ ಹತ್ತಿದವು, ಇಳಿದವು, ಬದನೆ ಎಲೆಯ ಮೇಲೆ ಕೂತು ಯೋಚನೆ ಮಾಡಿದವು. ಒಂದು ಎಲೆಗೂ ಬಾಯಿ ಹಾಕಲಿಲ್ಲ. ಸೊಪ್ಪಿನಕ್ಕ ನನ್ನ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಎಲೆ ಮಗುಚಿ ನೋಡಿದಳು. ಆಮೇಲೆ ಅವಳ ಮುಖ ಸಣ್ಣಗಾಯಿತು. “ಅಣ್ಣಾ, ಇವು ಹಸಿದುಕೊಂಡಿವೆ. ಅನ್ನದ ಮುಂದೆ ಕೂತು ಉಪವಾಸ ಇದ್ದ ಹಾಗಿದೆ. ಕೊಡಿ ಇತ್ತ, ಕೆರೆಗೆ ಬಿಟ್ಟು ಬರ್ತೀನಿ.”

ನಿನ್ನ ಕಚೇರಿಯವರನ್ನು ಕೇಳಿಕೊಂಡೇ ಮಾಡಿದೆವು, ಗಾಬರಿಯಾಗಬೇಡ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಬೇಡ ಎಂದಿದ್ದವಳೇ ತನ್ನ ಸೊಪ್ಪಿನ ಬುಟ್ಟಿಯಲ್ಲಿ, ಒದ್ದೆ ಬಟ್ಟೆ ಮುಚ್ಚಿ, ಹಗಲು ಹೊತ್ತಿನಲ್ಲೇ ಬೀದಿಯಗಲಕ್ಕೂ ಹುಳ ಹೊತ್ತುಕೊಂಡು ಹೋದಳು. ಏನಕ್ಕ ಅದು ಎಂದು ಕೇಳಿದವರಿಗೆಲ್ಲ ನಿಂತು ವಿವರಿಸಿದಳು. ನೀನು ಸಭೆಯಲ್ಲಿ ಹೇಳಿದ್ದನ್ನೇ ಹೇಳಿದಳು, ಆದರೆ ಅವಳು ಹೇಳಿದರೆ ಜನ ನಗಲಿಲ್ಲ. ಆಮೇಲೆ ಹೊಸ ಕಳೆ ತುಂಬಿದ ತಾರಸಿಯ ತೊಟ್ಟಿಗಳಿಂದ ಹುಳಗಳು ಮತ್ತೆ ಮತ್ತೆ ಹೋದವು. ಅಂಬಿಗನ ಹಿತ್ತಲಿನಲ್ಲಿ, ಶಾಲೆಯ ಹಿಂಭಾಗದಲ್ಲಿ ಕೂಡ ತೊಟ್ಟಿಗಳಾದವು. ಇತ್ತ ನೀನು ಬಿಟ್ಟಿದ್ದ ಮೂಲೆಯಲ್ಲೂ, ಯಾರೂ ನೋಡದೇ ಇದ್ದಾಗ, ನಿನ್ನ ಹುಳಗಳು ತಮ್ಮ ಸಂಸಾರ ಬೆಳೆಸಿಕೊಂಡು ಕೆರೆಯ ಅರ್ಧಕ್ಕೆ ಬಂದಿದ್ದವು. ಅದನ್ನು ಕಂಡ ದಿನ ನಾನು ದಂಡೆಯಲ್ಲೇ ಕೂತುಬಿಟ್ಟೆ. ನಿನಗೆ ಅವತ್ತೇ ಹೇಳಬೇಕು ಅನಿಸಿತ್ತು, ಆದರೆ ಹೇಳಿ ಆಸೆ ಹುಟ್ಟಿಸಿ ಆಮೇಲೆ ಕೈಕೊಟ್ಟರೆ ಎಂದು ಹೆದರಿದೆ.

ಕೈಕೊಡಲಿಲ್ಲ. ಎರಡನೆಯ ವರ್ಷ ನೆಂಟ ಕುಳ್ಳಗಾದ, ಹೂವು ಕಡಿಮೆಯಾಯಿತು, ಹಾಸಿಗೆ ಅಲ್ಲಲ್ಲಿ ಹರಿಯಿತು. ಒಂದು ಗಾಳಿಯ ದಿನ ಕೆರೆಯ ನಡುವೆ ಬಿರುಕು ಬಿಟ್ಟು ಉದ್ದಕ್ಕೆ ನೀರು ಕಂಡಿತು. ನಿನ್ನ ಅತ್ತೆ ತಾರಸಿಯಿಂದ ಕೂಗಿ ಕರೆದಳು. ಮೇಲೆ ಹೋದರೆ ಒಂದು ಪಟ್ಟಿ ಆಕಾಶ ಕೆಳಗೆ ಬಿದ್ದ ಹಾಗಿತ್ತು. ಅಲ್ಲಿಂದಾಚೆ ಬೀದಿಯವರೆಲ್ಲ ಹಗ್ಗ ಹಾಕಿ, ಸಡಿಲಾದ ತುಂಡುಗಳನ್ನು ಎಳೆದು, ನೀನು ಹೇಳಿದ್ದ ಹಾಗೆ ದೂರದ ಗುಂಡಿಯಲ್ಲಿ ಗೊಬ್ಬರಕ್ಕೆ ಹಾಕಿದೆವು. ಮುಳುಗಿ ಕೊಳೆತದ್ದು ಕೆಲವು ವಾರ ನಾರಿತು, ಅದನ್ನು ಮುಚ್ಚಿಡುವುದಿಲ್ಲ. ಮೂಗು ಮುಚ್ಚಿಕೊಂಡೇ ಸಂತೋಷಪಟ್ಟೆವು.

ನಿನ್ನೆಯ ದೋಣಿಯನ್ನು ನೀನು ನೋಡಬೇಕಿತ್ತು. ಬಿಸಿಲಿಗೆ ಒಣಗಿ ಬಿರಿದಿದ್ದ ಹಲಗೆಗಳಿಗೆಲ್ಲ ಅಂಬಿಗ ಮೇಣ ತುಂಬಿ ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚಿದ್ದ. ಮೊದಲ ದೋಣಿಗೆ ಯಾರು ಹತ್ತಬೇಕೆಂದು ಸಣ್ಣ ಜಗಳವೇ ಆಯಿತು. ನಿನ್ನ ಅತ್ತೆ ಮಂಡಿನೋವಿನ ಹೆಸರು ಹೇಳಿ ಮುಂದಿನ ಹಲಗೆ ಹಿಡಿದಳು. ಹುಟ್ಟು ನೀರಿಗೆ ಬಿದ್ದಾಗ ಆದ ಸದ್ದಿಗೆ ಎಲ್ಲರೂ ಬಗ್ಗಿ ನೀರು ನೋಡಿದರು. ಎಷ್ಟೋ ವರ್ಷ ಆಗಿತ್ತು ಆ ಸದ್ದು ಕೇಳಿ. ನಡುಗೆರೆಯಲ್ಲಿ ನೈದಿಲೆಯ ಎಲೆಗಳು ತೇಲುತ್ತಿದ್ದವು. ಸತ್ತೇ ಹೋಯಿತು ಎಂದುಕೊಂಡಿದ್ದೆವು, ಗೆಡ್ಡೆ ಕೆಸರಿನಲ್ಲಿ ಬಿಸಿಲಿಗೆ ಕಾದುಕೊಂಡಿತ್ತು. ಒಂದು ಕರಿಯ ನೀರುಕೋಳಿ ನಮ್ಮನ್ನು ಕಂಡು ಸಿಟ್ಟಿನಿಂದ ಪಕ್ಕಕ್ಕೆ ಹೋಯಿತು. ಸೊಪ್ಪಿನಕ್ಕ ದೋಣಿಯಲ್ಲಿದ್ದವರಿಗೆಲ್ಲ, “ಇದು ನಮ್ಮ ಹುಳ ಮಾಡಿದ ಕೆಲಸ” ಎಂದಳು. ನಮ್ಮ ಹುಳ. ನಾನು ಆ ಕಡೆ ಮುಖ ತಿರುಗಿಸಿ ನಕ್ಕೆ. ಆ ದಡದಲ್ಲಿ ನಿನ್ನ ದೊಡ್ಡತ್ತೆ ಸೆರಗು ಸಿಕ್ಕಿಸಿಕೊಂಡು ಮಂಡಿಯವರೆಗೆ ನೀರಿಗೇ ಇಳಿದು ನಿಂತಿದ್ದಳು. ತಂಗಿಯ ಕೈ ಹಿಡಿದು ಇಳಿಸಿದವಳೇ, ಇಷ್ಟು ವರ್ಷ ಬೇಕಾಯಿತಾ ಬರೋಕೆ ಎಂದು ಬೈದು, ಬೈಯುತ್ತಲೇ ಅತ್ತಳು. ಇವತ್ತು ಬೆಳಿಗ್ಗೆ ಅವಳೇ ಇಲ್ಲಿದ್ದಾಳೆ. ನಾನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಇಬ್ಬರ ಮಾತಿಗೆ ತಡೆಯೇ ಇಲ್ಲ.

ಕೆಲಸ ಮುಗಿಯಿತು ಎಂದು ನಾವ್ಯಾರೂ ತಿಳಿದಿಲ್ಲ. ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ ಎಂದು ನೀನು ಹೇಳಿದ್ದು ನಿಜ. ನೀರಿಗೆ ಬಿಸಿಲು ಬಿದ್ದದ್ದೇ ದಂಡೆಯುದ್ದಕ್ಕೂ ಪುಟ್ಟ ಸಸಿಗಳು ಎದ್ದಿವೆ. ವಾರಕ್ಕೊಂದು ಬೆಳಿಗ್ಗೆ ಬೀದಿಯವರು ಸೇರಿ ಕೀಳುತ್ತೇವೆ. ಹುಳಗಳ ಹೊಟ್ಟೆಗೆಂದು ಒಂದು ಮೂಲೆ ಬಿಟ್ಟಿದ್ದೇವೆ, ಆ ಮೂಲೆಗೆ ಸೊಪ್ಪಿನಕ್ಕನದೇ ಕಾವಲು.

ನಿನ್ನ ಓದು ಚೆನ್ನಾಗಿ ಸಾಗಲಿ, ಕಣ್ಣಿಗೂ ಮನಸ್ಸಿಗೂ ಆಯಾಸವಾಗದಿರಲಿ, ನೀನು ಮುಟ್ಟಿದ ನೀರೆಲ್ಲ ತಿಳಿಯಾಗಲಿ ಎಂದು ನಾವಿಬ್ಬರೂ ಹರಸುತ್ತೇವೆ. ದೊಡ್ಡತ್ತೆಯೂ ಹರಸಿದ್ದಾಳೆ, ಜೊತೆಗೆ ನೆಗಡಿಗೆ ಏನೋ ಮದ್ದು ಹೇಳಿದ್ದಾಳೆ. ಅದನ್ನು ಬೇಕೆಂದೇ ಬರೆದಿಲ್ಲ.

ನಿನ್ನ ಪ್ರೀತಿಯ
ಮಾವ

ತಾ.ಕ.: ಅಂಚೆಯವನು ಬೀದಿ ತುದಿಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಓದು ಮುಗಿದ ಮೇಲೆ ಅಲ್ಲೇ ಇರುವ ಕೆಲಸಕ್ಕೆ ಕರೆಯುತ್ತಿದ್ದಾರೆ, ಆ ಊರಿನ ನದಿಗೂ ಇದೇ ಕಳೆ ಹಬ್ಬಿದೆ, ಏನು ಮಾಡಲಿ ಎಂದು ಕೇಳಿದ್ದೆಯಲ್ಲ, ಒಪ್ಪಿಕೋ ಮಗಳೇ. ಈ ಕೆರೆಗೆ ಈಗ ಬೀದಿ ತುಂಬ ಜನ ಇದ್ದಾರೆ. ಆ ನದಿಗೆ ಯಾರೂ ಇಲ್ಲ. ನಿನ್ನ ಅತ್ತೆಯದೂ ಇದೇ ಮಾತು. ನಿನ್ನ ಗಂಡ ಆಗಲೇ ಆ ಊರಿನ ಬೇಕರಿಯೊಂದರಲ್ಲಿ ಮಾತಾಡಿಕೊಂಡಿದ್ದಾನೆ, ಮುಂದಿನ ಶನಿವಾರದ ರೈಲಿಗೆ ಟಿಕೆಟ್ಟೂ ತೆಗೆದಾಗಿದೆ. ನಿನಗೆ ಹೇಳದೆ ಬಾಗಿಲಲ್ಲಿ ಬಂದು ನಿಲ್ಲಬೇಕೆಂದು ಅವನ ಆಸೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ನನಗೆ ಹೇಳಿದ್ದು ಅವನ ತಪ್ಪು. ಬಾಗಿಲು ತೆರೆದಾಗ ಸ್ವಲ್ಪ ಬೆಚ್ಚಿಬಿದ್ದ ಹಾಗೆ ಮಾಡು. ನಿನಗೆ ನಟನೆ ಬರುವುದಿಲ್ಲ, ಇವತ್ತಿನಿಂದಲೇ ಕನ್ನಡಿ ಮುಂದೆ ಅಭ್ಯಾಸ ಮಾಡಿಕೋ.