ಹದಿನೇಳನೇ ಹೋಲಿನ ಐದು

ಗಾಲ್ಫ್ ಕ್ಲಬ್ಬಿನ ಹಿಂದಿನ ಮನೆ,
ಮೇ ೧೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮೊಂಡನಿಗೆ ಅಮ್ಮನ ಆಶೀರ್ವಾದ.

ನಲವತ್ತಾರು ವರ್ಷದ ಗಂಡಸನ್ನು ಹೀಗೆ ಕರೆಯಬಾರದು ಎಂದು ನಿನ್ನ ಹೆಂಡತಿ ಹೋದ ವರ್ಷ ಬರೆದಿದ್ದಳು. ಆ ಹೆಸರಿಟ್ಟವಳು ನಾನು. ಆ ಗುಣ ಹೋದ ದಿನ ಹೆಸರನ್ನೂ ತೆಗೆಯುತ್ತೇನೆ. ಹೇಗಿದ್ದೀಯ? ಎಡಮೊಣಕಾಲಿನ ನೋವು ಇಳಿಯಿತೇ? ಊಟವಾದ ಮೇಲೆ ಎದೆ ಉರಿಯುತ್ತದೆ ಎಂದೂ ಬರೆದಿದ್ದಳು. ಚಿಕ್ಕಂದಿನಿಂದಲೂ ನೀನು ಅಗಿಯದೆ ನುಂಗುವವನು, ಈಗ ಔಷಧಿ ನುಂಗು. ಮೊಮ್ಮಗಳಿಗೆ ಕನ್ನಡಕ ಬಂದಿದೆಯಂತೆ. ಪಾಪ, ನನ್ನ ಕಣ್ಣು ಅವಳಿಗೆ ಬರಲಿಲ್ಲ. ನನಗೆ ಎಪ್ಪತ್ತನಾಲ್ಕು. ಇವತ್ತಿಗೂ ಮೇಜಿನ ಆಚೆ ಬದಿಯಲ್ಲಿ ತಲೆಕೆಳಗಾಗಿ ಇಟ್ಟ ಕಾರ್ಡನ್ನು ಕನ್ನಡಕವಿಲ್ಲದೆ ಓದುತ್ತೇನೆ. ನಿನ್ನ ಕೆಲಸ ಹೇಗೆ ನಡೆದಿದೆ? ಯಾವುದೋ ಕಟ್ಟಡದ ಮಹಡಿಯ ಮೇಲೆ ಬಲೆ ಕಟ್ಟಿ, ಆಫೀಸಿನವರಿಂದ ಚೆಂಡು ಹೊಡೆಸುತ್ತೀಯಂತೆ. ಒಳ್ಳೆಯದು. ಬಲೆಗೆ ಹೊಡೆದ ಚೆಂಡು ಕಳೆದುಹೋಗುವುದಿಲ್ಲ, ಎಲ್ಲಿಗೂ ಹೋಗುವುದೂ ಇಲ್ಲ.

ಇನ್ನು ಈ ಕಾಗದದ ವಿಷಯ. ನಮ್ಮ ಪ್ರಾಂತ್ಯದ ವೃತ್ತಿಪರ ಚಾಂಪಿಯನ್‌ಶಿಪ್‌ಗೆ ಈ ವರ್ಷ ಐವತ್ತು ತುಂಬುತ್ತದೆ. ಹೊಸ ಸೆಕ್ರೆಟರಿ ಅದರ ಚರಿತ್ರೆಯ ಪುಸ್ತಕ ಮಾಡಿಸುತ್ತಿದ್ದಾನೆ. ಮೊದಲು ಹಡಗು ಕಂಪನಿಯಲ್ಲಿ ಇದ್ದವನು. ಗಾಲ್ಫ್ ಅವನಿಗೆ ಅಷ್ಟಕ್ಕಷ್ಟೇ, ಅಚ್ಚುಕಟ್ಟು ಮಾತ್ರ ವಿಪರೀತ. ಹೋದ ವಾರ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ನೀನು ಅವನಿಗೆ ಕಳಿಸಿದ ಹನ್ನೆರಡು ಪುಟಗಳನ್ನು ನನ್ನ ಮುಂದಿಟ್ಟ. ಟೈಪ್ ಮಾಡಿಸಿದ್ದೀಯ. ಅಕ್ಷರ ನಿನ್ನದಲ್ಲದಿದ್ದರೂ ವಿಷ ನಮ್ಮ ಮನೆಯದೇ, ಗುರುತು ಹಿಡಿದೆ. ಅದರಿಂದ ಒಂದೇ ಮಾತನ್ನು ಅವನು ಪುಸ್ತಕಕ್ಕೆ ಆರಿಸಿಕೊಂಡಿದ್ದಾನೆ: ‘ಇಪ್ಪತ್ತೆಂಟನೇ ಚಾಂಪಿಯನ್‌ಶಿಪ್ ಗೆದ್ದವನು ನಾನು. ನನ್ನ ಅಣ್ಣ ಬೇಕೆಂದೇ ನನ್ನ ಕಾರ್ಡಿನಲ್ಲಿ ಮೂರನ್ನು ಐದು ಎಂದು ಬರೆದ.’ ಈ ಮಾತಿನ ಕೆಳಗೆ ನಿನ್ನ ಸಹಿ ಬೇಕಂತೆ. ಸಹಿಯಿಲ್ಲದೆ ಅಚ್ಚಿಗೆ ಹೋಗುವುದಿಲ್ಲ. ನಿನ್ನ ಟೈಪಿನ ಪುಟಗಳಲ್ಲಿ ವಿಳಾಸವಿಲ್ಲ ಎಂದು ನನ್ನನ್ನು ಕೇಳಿದ. ನಾನೇ ಅಂಚೆಗೆ ಹಾಕುತ್ತೇನೆ ಎಂದು ಆ ಹಾಳೆಯನ್ನು ಇಸಿದುಕೊಂಡೆ. ಇದರೊಳಗೆ ಇದೆ.

ಆಮೇಲೆ ಆ ಮನುಷ್ಯ ನೋಟ್‌ಬುಕ್ ತೆಗೆದು ಮೊದಲಿನಿಂದ ಹೇಳಿ ಎಂದ. ಹೇಳಿದೆ. ನಿನ್ನ ಹನ್ನೆರಡು ಪುಟಗಳಲ್ಲಿ ಮೊದಲ ಇಪ್ಪತ್ತೇಳು ವರ್ಷಗಳಿಗೆ ಒಂದೇ ಸಾಲು ಸಿಕ್ಕಿರುವುದರಿಂದ ನಿನಗೂ ಹೇಳುತ್ತೇನೆ. ಆಗ ಆಟ ಕಲಿಸುವವರಿಗೆ ಕ್ಲಬ್ಬಿನ ಮುಂಬಾಗಿಲು ಇರಲಿಲ್ಲ. ಮೆಂಬರುಗಳ ಮುಂಗೈ ಹಿಡಿದು ಕೋಲು ಬೀಸುವುದನ್ನು ಕಲಿಸಬಹುದು, ಅದೇ ಮೆಂಬರಿನ ಪಕ್ಕ ಕೂತು ಚಹಾ ಕುಡಿಯುವ ಹಾಗಿಲ್ಲ. ಅಡಿಗೆಮನೆಯ ಹಿಂದೆ ನಿಂತು ಕುಡಿಯಬೇಕು. ನಿಮ್ಮಪ್ಪನ ರಿಪೇರಿ ಅಂಗಡಿಯಲ್ಲಿ, ಅಂಟು ಮತ್ತು ವಾರ್ನಿಷಿನ ವಾಸನೆಯ ನಡುವೆ, ಒಂಬತ್ತು ಕ್ಲಬ್ಬುಗಳ ಹದಿನಾಲ್ಕು ಜನ ಸೇರಿ ‘ನಮ್ಮದೇ ಒಂದು ಪಂದ್ಯ ಇರ್ಲಿ’ ಅಂದರು. ಸೋಮವಾರ ಮೆಂಬರುಗಳಿಗೆ ರಜೆ, ಮೈದಾನ ಖಾಲಿ. ಅದಕ್ಕೇ ಇವತ್ತಿಗೂ ಚಾಂಪಿಯನ್‌ಶಿಪ್ ಸೋಮವಾರವೇ ಶುರುವಾಗುತ್ತದೆ. ಈಗಿನವರು ಅದನ್ನು ಸಂಪ್ರದಾಯ ಎನ್ನುತ್ತಾರೆ. ಸಂಪ್ರದಾಯವಲ್ಲ, ಗತಿ ಇಲ್ಲದ್ದು. ಗೆದ್ದವನಿಗೆ ಕೊಡುವ ಕಪ್ಪು ಎಂದು ಇಟ್ಟದ್ದು ಒಬ್ಬ ಜಡ್ಜಿಯ ಹೆಂಡತಿ ಕೊಟ್ಟ ಹೂದಾನಿ. ನಿಮ್ಮಪ್ಪ ಅದಕ್ಕೆ ಎರಡು ಕಿವಿ ಬೆಸುಗೆ ಹಾಕಿದರು, ಒಂದು ಕಿವಿ ಸೊಟ್ಟ. ಆ ಸೊಟ್ಟ ಕಿವಿಯ ಹೂದಾನಿಗಾಗಿಯೇ ನೀನು ಅಣ್ಣನನ್ನು ಬಿಟ್ಟೆ. ಮರೆತಿದ್ದರೆ ಇರಲಿ ಎಂದು ನೆನಪಿಸಿದೆ.

ಮೊದಲ ವರ್ಷ ಗೆದ್ದವನು ಎಡಚ, ನೀರಿನ ಪಂಪು ರಿಪೇರಿ ಮಾಡುತ್ತಿದ್ದವನು. ಬಲಗೈಯವರ ಕೋಲನ್ನು ತಿರುಗಿಸಿ ಹಿಡಿದು ಆಡಿ ಗೆದ್ದ. ಗೆದ್ದವರ ಬೋರ್ಡಿನ ಮೇಲೆ ಅವನ ಹೆಸರು ಬರೆಯಲು ಬಂದ ಪೇಂಟರು ಎರಡು ಅಕ್ಷರ ನುಂಗಿದ್ದ. ಹೈಸ್ಕೂಲಿನಲ್ಲಿ ಅಕ್ಷರಕ್ಕೆ ಬಹುಮಾನ ತಗೊಂಡಿದ್ದ ನಾನು ಏಣಿ ಹತ್ತಿ ಅಳಿಸಿ ಬರೆದೆ. ಅವತ್ತಿನಿಂದ ಆ ಬೋರ್ಡಿನ ಬಂಗಾರದ ಅಕ್ಷರವೆಲ್ಲ ನನ್ನದೇ. ಮೂರನೇ ವರ್ಷ ನಿಮ್ಮಪ್ಪನ ಹೆಸರು ಬರೆದೆ, ಆರನೇ ವರ್ಷ ಮತ್ತೆ ಬರೆದೆ. ಆಮೇಲೆ ಅವರು ಪಂದ್ಯಕ್ಕೆ ಇಳಿಯಲೇ ಇಲ್ಲ. ಕಿರಿಯರಿಗೆ ದಾರಿ ಬಿಟ್ಟ ಮಹಾನುಭಾವ ಎಂದು ಪುಸ್ತಕದಲ್ಲಿ ಬರುತ್ತದಂತೆ. ಹನ್ನೆರಡನೇ ವರ್ಷ ಮುಂಬಾಗಿಲು ತೆರೆಯಿತು. ಅವತ್ತು ನಿಮ್ಮಪ್ಪ ಒಳಗೆ ಕಾಲಿಡುವ ಮುಂಚೆ ಬೂಟನ್ನು ಮೂರು ಸಲ ಒರೆಸಿಕೊಂಡರು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ನಾನು ಒರೆಸದೆಯೇ ಒಳಗೆ ಹೋದೆ.

ಸೆಕ್ರೆಟರಿಗೆ ಅರ್ಥವಾಗದ್ದು ಮೊದಲ ವರ್ಷದಿಂದ ನಾನು ಕೂರುವ ಕಾರ್ಡಿನ ಮೇಜು. ಅವನಿಗೆ ಮಗುವಿಗೆ ಹೇಳುವ ಹಾಗೆ ಹೇಳಿದೆ. ನೋಡಪ್ಪಾ, ಈ ಆಟದಲ್ಲಿ ಕಡಿಮೆ ಹೊಡೆತ ಹೊಡೆದವನು ಗೆದ್ದ. ಒಬ್ಬನ ಹೊಡೆತ ಅವನೇ ಬರೆದುಕೊಳ್ಳುವಂತಿಲ್ಲ, ಜೊತೆಯ ಆಟಗಾರ ಬರೆಯಬೇಕು. ಬರೆಯುವವನು ತನ್ನ ಸ್ವಂತ ಲೆಕ್ಕವನ್ನು ಅದೇ ಕಾರ್ಡಿನ ಅಂಚಿನ ಪಟ್ಟಿಯಲ್ಲಿ ನೆನಪಿಗೆ ಗುರುತು ಹಾಕಿಕೊಳ್ಳುತ್ತಾನೆ. ಆಟ ಮುಗಿದ ಮೇಲೆ ಕಾರ್ಡು ನನ್ನ ಮೇಜಿಗೆ ಬರುತ್ತದೆ. ಆಡಿದವನು ಹೋಲಿಗೊಂದರಂತೆ ಹದಿನೆಂಟು ಮನೆಗಳನ್ನೂ ಓದಿ ನೋಡಿ ಸಹಿ ಹಾಕಬೇಕು. ನಾನು ಅಂಚಿನ ಪಟ್ಟಿ ಹರಿದು ಬುಟ್ಟಿಗೆ ಹಾಕಿ, ಅಂಕಿ ಕೂಡಿಸುತ್ತೇನೆ. ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಹಾಕಿದರೆ ಪಂದ್ಯದಿಂದಲೇ ಹೊರಗೆ. ಜಾಸ್ತಿ ಬರೆದದ್ದಕ್ಕೆ ಹಾಕಿದರೆ ಆ ಜಾಸ್ತಿಯೇ ಖಾಯಂ. ಇಡೀ ಊರು ಕಣ್ಣಾರೆ ನೋಡಿದ್ದರೂ ಸಹಿಯ ಮುಂದೆ ಊರು ಸುಳ್ಳು. ಮೇಜಿಗೆ ನಿಮ್ಮಪ್ಪ ಮಾಡಿದ ನಿಯಮ ಒಂದೇ: ‘ಸಹಿ ಆಗೋವರೆಗೂ ಮೇಜಿಗೆ ಬಾಯಿಲ್ಲ.’ ಪುಸ್ತಕದಲ್ಲಿ ನನಗೆ ಎರಡು ಪುಟ ಕೊಟ್ಟಿದ್ದಾನೆ. ಐವತ್ತು ವರ್ಷ ಯಾರ ಕಡೆಗೂ ವಾಲದ ಮೇಜು ಎಂದು ತಲೆಬರಹ. ಓದಿ ಚೆನ್ನಾಗಿದೆ ಅಂದೆ.

ನಿನ್ನ ವರ್ಷದ್ದನ್ನೂ ಹೇಳಿದೆ. ನೀನು ಬರೆದಷ್ಟೇ ಅಲ್ಲ, ಬಿಟ್ಟದ್ದನ್ನೂ ಹೇಳಿದೆ. ಕೊನೆಯ ದಿನ ಬೆಳಿಗ್ಗೆ ನೀನು ಅಭ್ಯಾಸ ಮಾಡುತ್ತಿದ್ದೆ, ಸುತ್ತ ಇಪ್ಪತ್ತು ಜನ. ಕೈ ನಡುಕ ಶುರುವಾಗಿ ಒಂದು ವರ್ಷವಾಗಿದ್ದ ನಿಮ್ಮಪ್ಪ ನಿನ್ನ ಹಿಡಿತ ಸರಿಮಾಡಲು ಹತ್ತಿರ ಬಂದರು. ನೀನು ಏನು ಅಂದೆ, ನೆನಪಿದೆಯೇ? ‘ಅಪ್ಪಾ, ಆ ಕೈ ಜೇಬಲ್ಲಿ ಇಟ್ಕೊಳ್ಳಿ, ನೋಡ್ತಾ ಇದ್ರೆ ನಂಗೂ ಅಂಟ್ಕೊಳುತ್ತೆ.’ ಇಪ್ಪತ್ತು ಜನರೂ ನಕ್ಕರು. ನಿಮ್ಮಪ್ಪನೂ ನಕ್ಕರು, ಕೈ ಜೇಬಿಗೆ ಹಾಕಿದರು. ಅವತ್ತು ನೀನು ಮತ್ತು ಅಣ್ಣ ಒಂದೇ ಜೋಡಿ. ಅವನು ಗೆಲ್ಲುವ ಲೆಕ್ಕದಲ್ಲೇ ಇರಲಿಲ್ಲ, ನಿನ್ನ ಕಾರ್ಡು ಬರೆಯುತ್ತ ನಿನಗಿಂತ ಹೆಚ್ಚು ಬೆವರುತ್ತಿದ್ದ. ಹದಿನೇಳನೇ ಹೋಲಿನಲ್ಲಿ ನೀನು ಮೂರೇ ಹೊಡೆತದಲ್ಲಿ ಮುಗಿಸಿ ಟೋಪಿ ಎಸೆದೆ. ಅವನು ಅದೇ ಹೋಲಿಗೆ ಐದು ತಗೊಂಡ. ಮೇಜಿಗೆ ಬಂದಾಗ ಹೊರಗೆ ನಿನ್ನನ್ನು ಎತ್ತಿಕೊಳ್ಳಲು ಜನ ಕಾಯುತ್ತಿದ್ದರು. ನೀನು ಕೂರಲೂ ಇಲ್ಲ, ನಿಂತೇ ಸಹಿ ಗೀಚಿ ಓಡಿದೆ. ನಾನು ಕೂಡಿಸಿದೆ. ಒಂದು ಹೊಡೆತದಿಂದ ಗೆಲ್ಲಬೇಕಾದವನು ಒಂದು ಹೊಡೆತದಿಂದ ಸೋತಿದ್ದೆ. ಬೋರ್ಡಿನಲ್ಲಿ, ಎರಡನೆಯವನಾಗಬೇಕಿದ್ದ ಗಡಿಯಾರ ರಿಪೇರಿಯವನ ಮಗನ ಹೆಸರು ಬರೆದೆ, ಕೈ ನಡುಗಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀನು ಕುಣಿದೆ, ಚೆನ್ನಾಗಿಯೇ ಕುಣಿದೆ. ಆದರೆ ಓದುವ ಒಂದು ನಿಮಿಷದ ತಾಳ್ಮೆ ಇರಲಿಲ್ಲ, ಅದಕ್ಕೆ ಅಣ್ಣ ಡೊಂಕಾದ. ‘ಹೊಟ್ಟೆಕಿಚ್ಚಿಗೆ ಬರ್ದಿದೀಯ ನೀನು’ ಎಂದು ಎಲ್ಲರೆದುರು ಅವನ ಕೊರಳಪಟ್ಟಿ ಹಿಡಿದೆ. ಅವನು ಪಟ್ಟಿ ಬಿಡಿಸಿಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಅಪ್ಪ ಹೋದಾಗ ಬಂದೆ, ಅಣ್ಣ ಹೆಗಲು ಕೊಟ್ಟ ಬದಿ ಬಿಟ್ಟು ಆಚೆ ಬದಿಗೆ ಹೋದೆ. ಆಮೇಲೆ ಈ ಇಪ್ಪತ್ತು ವರ್ಷ ನಿನ್ನ ಮುಖವಿಲ್ಲ.

ಈಗ ಅವನ ಸುದ್ದಿ. ನಿಮ್ಮಪ್ಪನ ಕೆಲಸ ಅವನದೇ: ಬೆಳಿಗ್ಗೆ ಪಾಠ, ಮಧ್ಯಾಹ್ನ ಅಂಗಡಿಯಲ್ಲಿ ಕೋಲಿನ ಹಿಡಿ ಸುತ್ತುವುದು. ಬರುವ ತಿಂಗಳು ಐವತ್ತು ತುಂಬುತ್ತದೆ. ಸುಳ್ಳು ಕಾರ್ಡು ಬರೆದವನು ನಮ್ಮ ಮೆಂಬರುಗಳಿಗೆ ಕಲಿಸಬಾರದು ಎಂದು ಕಮಿಟಿ ಈಗಾಗಲೇ ತೀರ್ಮಾನಿಸಿದೆ. ನಿನ್ನ ಸಹಿ ಬಿದ್ದ ದಿನ ಅವನ ಕೆಲಸ ಹೋಗುತ್ತದೆ, ಜೊತೆಗೆ ಕ್ಲಬ್ಬು ಕೊಟ್ಟ ಈ ಮನೆಯೂ ಹೋಗುತ್ತದೆ. ಹೆದರಿಸಲು ಬರೆದದ್ದಲ್ಲ, ಮುಂದಿನ ಕಾಗದಕ್ಕೆ ವಿಳಾಸ ಬೇರೆಯಾಗಬಹುದು ಎಂದು ತಿಳಿಸಿದೆ. ‘ನಿನ್ನ ಪರ ನೀನೇ ಒಂದು ಮಾತು ಹೇಳೋ’ ಎಂದು ಸೆಕ್ರೆಟರಿಯ ಎದುರೇ ಅವನಿಗೆ ಹೇಳಿದೆ. ಹಿಡಿಗೆ ಟೇಪು ಸುತ್ತುತ್ತಿದ್ದವನು ತಲೆ ಎತ್ತಲಿಲ್ಲ. ‘ಏನ್ ಹೇಳ್ಲಮ್ಮಾ? ಬರ್ದಿದ್ದು ನನ್ ಕೈಯೇ ಅಲ್ವಾ? ಬೇಕೂಂತ್ಲೇ ಬರ್ದೆನೋ ಏನೋ, ನಂಗೇ ಈಗ ಗೊತ್ತಾಗ್ತಿಲ್ಲ’ ಅಂದ. ಇಪ್ಪತ್ತೆರಡು ವರ್ಷ ಒಬ್ಬನನ್ನು ಕಳ್ಳ ಕಳ್ಳ ಅನ್ನುತ್ತಿದ್ದರೆ ಅವನು ತನ್ನ ಜೇಬನ್ನು ತಾನೇ ತಡಕಿ ನೋಡುತ್ತಾನೆ. ಅವನಿಗೆ ಬೆನ್ನುಮೂಳೆ ಇಲ್ಲ, ನಿನಗೆ ಅದೊಂದು ಬಿಟ್ಟರೆ ಬೇರೇನೂ ಇಲ್ಲ. ಇಬ್ಬರನ್ನೂ ಹೆತ್ತದ್ದು ನಾನೇ, ಯಾರಿಗೆ ದೂರಲಿ?

ಬೋರ್ಡಿಗೆ ಈ ವರ್ಷ ಹೊಸದಾಗಿ ಬಣ್ಣ. ಐವತ್ತು ಹೆಸರನ್ನೂ ಮತ್ತೆ ಬರೆಯಬೇಕು. ನಿನ್ನೆ ಇಪ್ಪತ್ತಾರರವರೆಗೆ ಮುಗಿಸಿದೆ. ಇಪ್ಪತ್ತೆಂಟರ ಜಾಗದಲ್ಲಿ ಗಡಿಯಾರದವನ ಮಗನೇ ಇರುತ್ತಾನೆ, ಆಸೆ ಇಟ್ಟುಕೊಳ್ಳಬೇಡ. ಮೊಮ್ಮಗಳಿಗೆ ಬೆಳಕಿನಲ್ಲಿ ಕೂತು ಓದಲು ಹೇಳು. ನಿನ್ನ ಹೆಂಡತಿಗೆ, ಅವಳ ಅಕ್ಷರ ದುಂಡಗಿದೆ ಎಂದು ನಾನು ಮೆಚ್ಚಿದ್ದನ್ನು ತಿಳಿಸು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಸ್ವಲ್ಪ ತಾಳ್ಮೆಯನ್ನೂ ಸೇರಿಸಲಿ.

ಇಂತಿ,
ನಿನ್ನನ್ನು ಹೆತ್ತವಳು

ಮರೆತ ಮಾತು: ಅಂಚೆಯವನು ಗೇಟಿನ ಹತ್ತಿರ ಬಂದಾಯಿತು, ಬೇಗ ಬರೆಯುತ್ತೇನೆ. ಹಾಳೆಯ ಜೊತೆ ಬೆರಳಗಲದ ಒಂದು ಕಾಗದದ ಪಟ್ಟಿ ಇದೆ, ಎಸೆಯಬೇಡ. ನಿನ್ನ ಕಾರ್ಡಿನ ಅಂಚು ಅದು. ಅವತ್ತು ಬುಟ್ಟಿಗೆ ಹಾಕದೆ ಬಂಗಾರದ ಬಣ್ಣದ ಡಬ್ಬಿಯಲ್ಲಿ ಇಟ್ಟಿದ್ದೆ. ಹದಿನೇಳರ ಎದುರು ಅಣ್ಣ ತನಗೆಂದು ಮೂರು ಬರೆದುಕೊಂಡಿದ್ದಾನೆ. ಅವನು ಹೊಡೆದದ್ದು ಐದು, ಅವನ ಕಾರ್ಡಿನಲ್ಲಿ ನೀನೇ ಐದು ಬರೆದಿದ್ದೀಯ. ಅಂದರೆ ನಿನ್ನದನ್ನು ತನ್ನ ಮನೆಯಲ್ಲೂ ತನ್ನದನ್ನು ನಿನ್ನ ಮನೆಯಲ್ಲೂ ಅದಲುಬದಲಾಗಿ ಬರೆದ. ಕೈತಪ್ಪು, ಅಷ್ಟೇ. ನೀನು ಸಹಿ ಹಾಕುವ ಮುಂಚೆಯೇ ನಾನು ಅದನ್ನು ನೋಡಿದ್ದೆ. ನಿಮ್ಮಪ್ಪ ಆರನೇ ವರ್ಷ ಇಂಥದೇ ಕಾರ್ಡಿಗೆ ಪೆನ್ನು ಊರಿದಾಗ ನಾನು ಕೆಮ್ಮಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಿ, ಕಾರ್ಡು ತಿದ್ದಿಸಿ ಗೆದ್ದರು, ಆ ನಾಚಿಕೆಗೇ ಮತ್ತೆ ಆಡಲಿಲ್ಲ. ನೀನು ಪೆನ್ನು ಎತ್ತಿದಾಗ ಅವರು ಬಾಗಿಲ ಹತ್ತಿರ ನಿಂತಿದ್ದರು. ಕೈ ಇನ್ನೂ ಜೇಬಿನಲ್ಲೇ ಇತ್ತು. ನನಗೆ ಕೆಮ್ಮು ಬರಲಿಲ್ಲ. ಅಣ್ಣನಿಗೆ ಇದು ಗೊತ್ತಿಲ್ಲ. ಪಟ್ಟಿಯ ಹರಿದ ಅಂಚು, ಕ್ಲಬ್ಬಿನ ಗಾಜಿನ ಪೆಟ್ಟಿಗೆಯಲ್ಲಿರುವ ನಿನ್ನ ಕಾರ್ಡಿಗೆ ಹಲ್ಲಿಗೆ ಹಲ್ಲು ಕೂಡುತ್ತದೆ. ಅದನ್ನು ಸೆಕ್ರೆಟರಿಗೆ ಕಳಿಸಿದರೆ ನನ್ನ ಎರಡು ಪುಟ ಹೋಗುತ್ತದೆ, ಹಾಳೆಗೆ ಸಹಿ ಹಾಕಿ ಕಳಿಸಿದರೆ ಅಣ್ಣ ಹೋಗುತ್ತಾನೆ. ಯಾವುದಾದರೂ ಒಂದು ಮುಂದಿನ ಶುಕ್ರವಾರದೊಳಗೆ ಇಲ್ಲಿಗೆ ತಲುಪಬೇಕು. ಕ್ಷಮಿಸು ಎಂದು ನಾನು ಕೇಳುತ್ತಿಲ್ಲ. ಈ ಸಲವಾದರೂ ಕೂತು, ಓದಿ, ಆಮೇಲೆ ಸಹಿ ಹಾಕು.